ಓರಗಿತ್ತಿಗೆ ಕೊಟ್ಟ ಎಲೆ

ಟೈಲರಕ್ಕನ ಹೊಟ್ಟೆಕಿಚ್ಚಿಗೆ ಹನ್ನೊಂದು ವರ್ಷ. ಮೈದುನ ಒಬ್ಬ ನರ್ಸನ್ನು ಮದುವೆಯಾಗಿ ಕರೆತಂದ ದಿನವೇ ಅದು ಹುಟ್ಟಿತು. ಓರಗಿತ್ತಿ ನೋಡಲು ಒಂದು ಕೈ ಮೇಲು, ಮಾತಿನಲ್ಲಿ ಎರಡು ಕೈ ಮೇಲು. ಅತ್ತೆಗೆ ಕೆಮ್ಮು ಬಂದರೂ ಊರಾಚೆಯ ಮನೆಯಿಂದ ಅವಳೇ ಬರಬೇಕು. ಜೊತೆಯಲ್ಲೇ ಇರುವ ಟೈಲರಕ್ಕ ಬಿಸಿನೀರು ಕಾಯಿಸಿಕೊಟ್ಟಿದ್ದು ಲೆಕ್ಕಕ್ಕೇ ಇಲ್ಲ!

ಟೈಲರಕ್ಕನಿಗೂ ಹೊಗಳಿಕೆ ತಂದುಕೊಡುತ್ತಿದ್ದುದು ಒಂದೇ, ಹೊಲಿಗೆ ಯಂತ್ರದ ಪಕ್ಕದ ಮಾನ್‌ಸ್ಟೆರಾ ಗಿಡ. ತೂತು ತೂತಾದ ಮೊರದಗಲ ಎಲೆಗಳು. ನೇರ ಬಿಸಿಲು ತಾಗದಂತೆ ಕಿಟಕಿಗೆ ತೆಳುವಾದ ಪರದೆ ಹೊಲಿದು ಹಾಕಿದ್ದಳು. ಮಣ್ಣಿಗೆ ಬೆರಳು ತೂರಿಸಿ, ಒಣಗಿದ್ದರೆ ಮಾತ್ರ ನೀರು ಹಾಕುತ್ತಿದ್ದಳು. ಅಳತೆ ಕೊಡಲು ಬಂದವರು ಗಿಡದ ಮುಂದೆ ನಿಂತು "ಏನು ಕೈಗುಣ ರೀ ನಿಮ್ದು!" ಎಂದರೆ ಅವಳಿಗೆ ಆ ದಿನ ಹಸಿವೆಯೇ ಇಲ್ಲ.

ಒಂದು ಭಾನುವಾರ ಓರಗಿತ್ತಿ ಅದನ್ನೂ ಕೇಳಿಬಿಟ್ಟಳು.

"ಅಕ್ಕಾ, ನಂಗೂ ಒಂದು ತುಂಡು ಕೊಡ್ತೀರಾ? ನಿಮ್ಮ ಗಿಡದ್ದೇ ಬೇಕು."

ಇದೂ ಬೇಕಾ ಇವಳಿಗೆ! ಇಲ್ಲ ಅನ್ನೋಣವೆಂದರೆ ಎದುರಿಗೇ ಅತ್ತೆ ಕೂತಿದ್ದರು.

ಈ ಗಿಡ ಕಬ್ಬಿನ ಹಾಗೆ, ಗಿಣ್ಣಿನಲ್ಲಿ ಚಿಗುರುತ್ತದೆ. ಬರೀ ಎಲೆಯನ್ನು ತೊಟ್ಟಿನ ಸಮೇತ ಕೊಯ್ದು ನೀರಿಗಿಟ್ಟರೆ ಬೇರು ಬಿಟ್ಟೀತು, ವರ್ಷಗಟ್ಟಲೆ ಹಸಿರಾಗಿಯೂ ಇದ್ದೀತು, ಹೊಸ ಎಲೆ ಮಾತ್ರ ಹುಟ್ಟದು. ಟೈಲರಕ್ಕ ಇದ್ದುದರಲ್ಲೇ ಚೆಂದದ ಎಲೆ ಆರಿಸಿ, ಗಿಣ್ಣಿಗಿಂತ ಅರ್ಧ ಬೆರಳು ಮೇಲೆ ಕತ್ತರಿ ಆಡಿಸಿದಳು. "ಚೆನ್ನಾಗಿ ನೋಡ್ಕೋ" ಎಂದು ಬಾಯ್ತುಂಬ ನಕ್ಕು ಕೊಟ್ಟಳು. ಆ ವಾರವಿಡೀ ಯಂತ್ರ ತುಳಿಯುವಾಗ ಅವಳ ಕಾಲು ಹಗುರವಾಗಿತ್ತು.

ಎರಡು ವರ್ಷ ಕಳೆದ ಮೇಲೆ, ಹೊಲಿದ ಸಮವಸ್ತ್ರ ಕೊಡಲು ಓರಗಿತ್ತಿಯ ಮನೆಗೆ ಹೋದಳು. ಕಿಟಕಿಯಲ್ಲಿ ಗಾಜಿನ ಜಾಡಿ. ಅದರಲ್ಲಿ ಅದೇ ಒಂಟಿ ಎಲೆ, ಧೂಳಿನ ಕಣವಿಲ್ಲದೆ ಮಿನುಗುತ್ತಿತ್ತು. ನೀರು ಆಗಷ್ಟೇ ಬದಲಾಯಿಸಿದಂತೆ ತಿಳಿಯಾಗಿತ್ತು.

"ಇನ್ನೂ ಚಿಗುರಿಲ್ವಾ?" ಎಂದಳು ಟೈಲರಕ್ಕ, ಏನೂ ಅರಿಯದವಳಂತೆ.

"ಇಲ್ಲ ಅಕ್ಕಾ, ನಾನೇ ಏನೋ ತಪ್ಪು ಮಾಡ್ತಿದೀನಿ. ನರ್ಸರಿಯವನಿಗೆ ತೋರಿಸಿದ್ರೆ, ಇದರಲ್ಲಿ ಗಿಣ್ಣೇ ಇಲ್ಲ, ಯಾರೋ ಬೇಕಂತಲೇ ಹೀಗೆ ಕೊಟ್ಟಿದಾರೆ ಅಂದುಬಿಟ್ಟ. ಮೈಯೆಲ್ಲ ಉರಿದುಹೋಯ್ತು ನಂಗೆ! ಕೊಟ್ಟಿದ್ದು ನಮ್ಮಕ್ಕ, ಅವರ ಬಗ್ಗೆ ಇನ್ನೊಂದು ಮಾತಾಡಿದ್ರೆ ಸರಿ ಇರಲ್ಲ ಅಂತ ಎಲ್ಲರ ಮುಂದೆ ಬೈದು ಬಂದೆ. ಆ ಕಡೆ ಮತ್ತೆ ತಲೆ ಹಾಕಿಲ್ಲ."

ಟೈಲರಕ್ಕನ ಪರವಾಗಿ ಒಬ್ಬರು ಜಗಳಕ್ಕೆ ನಿಂತದ್ದು ಹುಟ್ಟಿದಾಗಿನಿಂದ ಇದೇ ಮೊದಲು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದಳು.

"ಇನ್ನೊಂದಷ್ಟು ದಿನ ನೋಡು," ಎಂಬ ಮಾತಷ್ಟೇ ಹೊರಬಂತು.

"ನೋಡ್ತೀನಿ ಅಕ್ಕಾ," ಎಂದು ಓರಗಿತ್ತಿ ಜಾಡಿಯನ್ನು ಬೆಳಕಿಗೆ ಇನ್ನಷ್ಟು ಸರಿಸಿದಳು.

ತಾನಾಗಿದ್ದರೆ ನರ್ಸರಿಯವನ ಮಾತನ್ನೇ ನಂಬುತ್ತಿದ್ದೆ ಎಂದು ಟೈಲರಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಇದರಲ್ಲೂ ಇವಳೇ ಒಂದು ಕೈ ಮೇಲಾದಳಲ್ಲ ಎಂದು ಹೊಟ್ಟೆ ಮತ್ತೆ ಧಗಧಗ ಉರಿಯಿತು.