ಹನಕೆರೆಗೇ ಮುಗಿದ ಮಂಡ್ಯದ ಪ್ರಯಾಣ

ಯುದ್ಧದ ಕಾಲ. ಮಳವಳ್ಳಿಯಿಂದ ಏಳಕ್ಕೆ ಹೊರಡಬೇಕಿದ್ದ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಎಂಟೂವರೆಗೆ ಹೊರಟಿತು. ಮದ್ದೂರಿಗೆ ಹದಿನಾರು ಮೈಲಿ, ಆರಾಣೆ. ಮೋಡ ಕವಿದಿತ್ತು, ಮಳೆಯಿಲ್ಲ.

ತಾಲ್ಲೂಕು ಕಚೇರಿಯ ಗುಮಾಸ್ತನಾದ ನನ್ನ ಜೇಬಿನಲ್ಲಿ ಒಂದು ಅರ್ಜಿಯಿತ್ತು. ನೌಕರರು ರಜೆ ಪಡೆದು ಕಾಲೇಜಿನಲ್ಲಿ ಓದಲು ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತಿತ್ತು. ವಯಸ್ಸು ಇಪ್ಪತ್ತೈದು ದಾಟಿರಬಾರದು. ನನಗೆ ಇಪ್ಪತ್ತನಾಲ್ಕು. ಸರ್ವಿಸ್ ರಿಜಿಸ್ಟರಿನಲ್ಲಿ ಮಾತ್ರ ಇಪ್ಪತ್ತೇಳು. ತಿದ್ದಿಸಬೇಕಾದರೆ ಓದಿಸಿದ ಮೇಷ್ಟ್ರ ಪತ್ರ ಬೇಕು. ಮಂಡ್ಯದಲ್ಲಿ ಅರ್ಜಿ ಕೊಡಲು ಅಂದೇ ಕೊನೆಯ ದಿನ.

ಪಕ್ಕದಲ್ಲಿದ್ದ ಹಲಗೂರಿನ ರೈತರೊಬ್ಬರು ವಿಷಯ ಕೇಳಿ, "ಓದಕ್ಕೂ ಸರ್ಕಾರನೇ ದುಡ್ಡು ಕೊಡ್ತದಾ? ಏನೋ ಬುಡಿ ಸ್ವಾಮಿ, ಬದ್ಲಿಗೆ ಏನ್ ಕೇಳ್ತದೋ" ಎಂದರು. ನಾನು ನಕ್ಕುಬಿಟ್ಟೆ.

ಮದ್ದೂರು ಸ್ಟೇಷನ್ನಿನಲ್ಲಿ ಎರಡು ವಡೆ ತಿಂದು ಮಂಡ್ಯಕ್ಕೇ ಟಿಕೆಟ್ಟು ಕೊಂಡೆ. ನಡುವೆ ಮೇಷ್ಟ್ರ ಊರಾದ ಹನಕೆರೆಯಲ್ಲಿಳಿದು, ಪತ್ರ ಪಡೆದು, ಮುಂದಿನ ಗಾಡಿಗೆ ಹೋಗುವುದೆಂದಿದ್ದೆ.

ನಿವೃತ್ತರಾಗಿದ್ದ ಮೇಷ್ಟ್ರಿಗೆ ಕಣ್ಣು ಮಂಜಾಗಿತ್ತು. ದನಿಯಿಂದ ನನ್ನ ಗುರುತು ಹಿಡಿದರು. ಬಂದ ಕೆಲಸ ಹೇಳಿದೆ.

"ನಿನ್ ವಯಸ್ಸಿಗೆ ಮೂರು ವರ್ಷ ಸೇರ್ಸಿ ಬರ್ದೋನು ನಾನೇ ಕಣಪ್ಪ. ನಿಮ್ಮಪ್ಪ ತೀರ್ಕೊಂಡಿದ್ದ. ಹದಿನೆಂಟಾಗ್ದಿದ್ರೆ ಕೆಲ್ಸ ಕೊಡ್ತಿರ್ಲಿಲ್ಲ."

"ಈಗ ನಿಜ ಬರೆದುಕೊಡಿ ಮೇಷ್ಟ್ರೇ."

"ಬರೀತೀನಿ. ಆದ್ರೆ ನೀನು ಹದಿನೈದಕ್ಕೇ ಕೆಲ್ಸಕ್ಕೆ ಸೇರ್ದೆ ಅಂತ ಆಯ್ತದಲ್ಲಪ್ಪ. ಸುಳ್ಳು ಹೇಳಿ ಸೇರ್ದೋನ್ನ ಕೆಲ್ಸದಲ್ಲಿ ಇಟ್ಕೊಂಡಾರಾ?"

ಒಂಬತ್ತು ವರ್ಷ ರಿಜಿಸ್ಟರು ಬರೆದ ನನಗೆ ಇದು ಹೊಳೆದೇ ಇರಲಿಲ್ಲ. ಓದಿನ ಆಸೆ ಅಷ್ಟಿತ್ತು. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು ನನ್ನ ಸಂಬಳವನ್ನೇ ನಂಬಿದ್ದರು. ನಿಜ ಬರೆದರೆ ನಿಮ್ಮ ಪಿಂಚಣಿಯ ಗತಿಯೇನು ಎಂದು ಕೇಳಿದೆ.

"ಅದ್ನ ಬುಡು. ನೀನು ಯೋಚ್ನೆ ಮಾಡು. ಮೂರು ಗಂಟೆ ಮಂಡ್ಯದ ಗಾಡಿಗೆ ಬರ್ಕೊಂಡು ಬತ್ತೀನಿ, ಬೇಕಾದ್ರೆ ಈಸ್ಕೊ."

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಎರಡು ಗಂಟೆ ಕೂತೆ. ಎಷ್ಟು ಯೋಚಿಸಿದರೂ ತಂಗಿಯರ ಮುಖವೇ ಎದುರಿಗೆ ಬರುತ್ತಿತ್ತು. ಮದ್ದೂರಿನ ಕಡೆ ಹೋಗುವ ಗಾಡಿ ಮೊದಲು ಬಂತು. ಹೊಸ ಟಿಕೆಟ್ಟು ಕೊಂಡು ಹತ್ತಿದೆ.

ಗಾಡಿ ಅಲುಗಿದಾಗ ಗದ್ದೆಯ ಬದುವಿನ ಮೇಲೆ ಮೇಷ್ಟ್ರು ಬರುತ್ತಿದ್ದುದು ಕಂಡಿತು. ಪೇಟ ಸುತ್ತಿ, ಶಾಲೆಗೆ ಹಾಕುತ್ತಿದ್ದ ಕರಿಕೋಟು ತೊಟ್ಟಿದ್ದರು. ಕೈಯಲ್ಲಿ ಕಾಗದವಿತ್ತು. ಇದೇ ಮಂಡ್ಯದ ಗಾಡಿಯೆಂದು ತಿಳಿದರೋ ಏನೋ, ಕಾಗದವನ್ನು ಎತ್ತಿಹಿಡಿದು ಓಡತೊಡಗಿದರು.

ನಾನು ಆಚೆ ಬದಿಯ ಕಿಟಕಿಗೆ ಸರಿದು ಕೂತೆ.