ಮಾದಮ್ಮನ ಬಾಯಿಗೆ ಬಿಟ್ಟ ನೀರು

ಹಾಸನದ ಆಸ್ಪತ್ರೆಯ ಐಸಿಯುನಲ್ಲಿ ಗಂಗಾಂಬಿಕೆಯನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಾರೆ. ಅವಳು ನರ್ಸ್ ಅಲ್ಲ, ರೆಸ್ಪಿರೇಟರಿ ಥೆರಪಿಸ್ಟ್. ರೋಗಿಯ ಉಸಿರನ್ನು ವೆಂಟಿಲೇಟರಿನಿಂದ ಬಿಡಿಸಿ ಮತ್ತೆ ಅವರ ಎದೆಗೇ ಒಪ್ಪಿಸುವುದು ಅವಳ ಕೆಲಸ. ಬಾಗೂರಿನಲ್ಲಿರುವ ಅವಳ ತಾಯಿ ಕೇಳಿದವರಿಗೆಲ್ಲ "ಗಾಳಿ ಮಿಷನ್ ಕೆಲ್ಸ" ಅನ್ನುತ್ತಾಳೆ. ಅದಕ್ಕೆಲ್ಲ ಗಂಗಾಂಬಿಕೆಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಕಟ್ಟಾಯದ ಕೆಂಪಣ್ಣನ ಮೇಲೆ.

ಕೆಂಪಣ್ಣನ ಅತ್ತಿಗೆ ಮಾದಮ್ಮ ನ್ಯುಮೋನಿಯಾದಿಂದ ಮಲಗಿದ್ದಳು. ದಿನವೂ ಯಂತ್ರದ ಆಸರೆಯನ್ನು ಇಷ್ಟಿಷ್ಟೇ ತಗ್ಗಿಸುತ್ತ, "ಉಸ್ರು ಎಳ್ಕೊಳವ್ವಾ, ಇನ್ನೊಂದ್ಸಲ" ಎಂದು ಕರುವನ್ನು ಪುಸಲಾಯಿಸುವಂತೆ ಪುಸಲಾಯಿಸಿ, ಅವತ್ತು ಬೆಳಿಗ್ಗೆ ಗಂಗಾಂಬಿಕೆ ಗಂಟಲಿನ ಟ್ಯೂಬು ತೆಗೆದಿದ್ದಳು. ಮಾದಮ್ಮ ತಾನಾಗಿ ಉಸಿರಾಡಿದಳು. ಡಾಕ್ಟರು ಹೊರಗೆ ಮನೆಯವರಿಗೆ "ಟ್ಯೂಬ್ ತೆಗ್ದಿದೀವಿ" ಎಂದಷ್ಟೇ ಹೇಳಿ ನಡೆದುಬಿಟ್ಟರು. ಬಿಡಿಸಿ ಹೇಳಲು ಅವರಿಗೆಲ್ಲಿ ಪುರುಸೊತ್ತು?

ಊರವರ ಪಾಲಿಗೆ ಪೈಪು ತೆಗೆದರೆಂದರೆ ಕೈಬಿಟ್ಟರೆಂದೇ ಅರ್ಥ. ಸಂಜೆ ಭೇಟಿಯ ಹೊತ್ತಿಗೆ ಒಳಗೆ ಬಂದ ಕೆಂಪಣ್ಣ ಪಂಚೆಯ ಮಡಿಕೆಯಿಂದ ಪುಟ್ಟ ಬಾಟಲಿ ತೆಗೆದು, ತುಳಸಿ ನೀರನ್ನು ಅತ್ತಿಗೆಯ ಬಾಯಿಗೆ ಬಿಟ್ಟ.

ಪಕ್ಕದ ಹಾಸಿಗೆಯಿಂದ ಓಡಿಬಂದ ಗಂಗಾಂಬಿಕೆ ಬಾಟಲಿ ಕಿತ್ತುಕೊಂಡಳು. "ಏನ್ ಮಾಡ್ತಿದ್ದೀರಾ?"

"ಕೊನೇ ನೀರು ಕಣವ್ವಾ. ಅಂಗೇ ಕಳಿಸ್ಬಾರ್ದು."

ಮಾದಮ್ಮನ ಕಣ್ಣು ಮೇಲಾಯಿತು, ತುಟಿ ಕಪ್ಪಿಟ್ಟಿತು. ನೀರು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಇನ್ನು ಟ್ಯೂಬು ಮತ್ತೆ ಹಾಕಬೇಕಾಗಿ ಬಂದರೆ ಈ ಬಡಕಲು ಎದೆ ಎರಡನೇ ಸಲ ಯಂತ್ರದಿಂದ ಬಿಡಿಸಿಕೊಳ್ಳುವುದು ಕಷ್ಟ. ಗಂಗಾಂಬಿಕೆ ಅವಳನ್ನು ಮಗ್ಗುಲಿಗೆ ಹೊರಳಿಸಿ, ಸಣ್ಣ ನಳಿಕೆ ಇಳಿಸಿ ನೀರೆಳೆಯುತ್ತ ಕೂಗಿದಳು: "ಕೆಮ್ಮವ್ವಾ! ಜೋರಾಗ್ ಕೆಮ್ಮು!"

ಮಾದಮ್ಮ ಕೆಮ್ಮಿದಳು. ಕಫದ ಜೊತೆ ಒಂದು ತುಳಸಿ ಎಲೆ ಬಂದು ದಿಂಬಿನ ಮೇಲೆ ಬಿತ್ತು. ತುಟಿಗೆ ಮೆಲ್ಲಗೆ ಬಣ್ಣ ಮರಳಿತು.

ಆಗ ಗಂಗಾಂಬಿಕೆ ತಿರುಗಿದಳು. "ಬದುಕಿರೋರನ್ನ ಮುಳುಗಿಸ್ತಿದ್ರಲ್ಲಾ ಯಜಮಾನ್ರೆ! ಯಾರೇಳಿದ್ರು ಇವ್ರು ಓಯ್ತಾರೆ ಅಂತ?"

ಕೆಂಪಣ್ಣ ದಿಂಬಿನ ಮೇಲಿನ ತುಳಸಿ ಎಲೆಯನ್ನು ಎತ್ತಿಕೊಂಡ. "ತ್ವಾಟದಾಗೆ ಗುಂಡೀನೂ ತೋಡಿಸ್ಬುಟ್ಟಿವ್ನಿ. ತೋಡಿದ್ ಗುಂಡಿ ಬರೀದೇ ಮುಚ್ಬಾರ್ದಲ್ಲವ್ವಾ..."

"ಹೆಣದ ಬದ್ಲು ಬಾಳೆದಿಂಡು ಇಟ್ಟು ಮುಚ್ಚಿ. ಇಲ್ಲಾ ನಿಮ್ ಅವಸರಾನೇ ಹೂಳಿ. ಮುಚ್ಚಿಸಿ ಬಂದ್ಮೇಲೇ ಒಳಕ್ಕೆ ಬಿಡೋದು."

ಹಾಸಿಗೆಯಿಂದ ಗೊಗ್ಗರು ದನಿ ಬಂತು. "ಎಲ್ ತೋಡಿಸ್ದ್ಯಲಾ? ನನ್ ನಿಂಬೆಗಿಡದ ಬೇರು ಕಡಿದಿಲ್ಲ ತಾನೆ?"

ಸುತ್ತಲಿದ್ದವರು ನಕ್ಕರು. ಗಂಗಾಂಬಿಕೆಗೆ ನಗು ಬರಲಿಲ್ಲ. ಸ್ಟೆತಸ್ಕೋಪು ಇಟ್ಟು ಮಾದಮ್ಮನ ಬಲ ಬೆನ್ನನ್ನು ಆಲಿಸಿದಳು. ಶ್ವಾಸಕೋಶದ ತಳದಲ್ಲಿ ಉಳಿದ ನೀರು ಇನ್ನೂ ಸಣ್ಣಗೆ ಗೊರಗೊರ.

"ಮಾತು ಸಾಕು," ಎಂದು ಗದರಿದಳು. "ಕೆಮ್ಮು."