ಗುರಿಗಣ್ಣಿಗೆ ಮೆತ್ತಿದ ಗಂಧ

ವಾಚರಣ್ಣನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತರ ಸಾಲಿಗೆ ಸೇರಿದ್ದೇ ಅಲ್ಲ. ದಪ್ಪಗೆ, ಹಳದಿಗೆ ತಿರುಗಿ, ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ ಬಿದ್ದಿತ್ತು. ಯಾವ ವಸ್ತು ಕೈಗೆ ಬಂದರೂ ಮೊದಲು ಆ ಉಗುರನ್ನು ಊರಿ ನೋಡಬೇಕು. ಹೊಸ ಬಕೆಟ್ಟು, ಜೀಪಿನ ಟೈರು, ಸಂತೆಯ ಬದನೆಕಾಯಿ, ಎಲ್ಲಕ್ಕೂ ಅದೇ ಪರೀಕ್ಷೆ. ನಾವು ಅದಕ್ಕೆ ‘ವಾಚರಣ್ಣನ ಲ್ಯಾಬು’ ಎಂದು ಹೆಸರಿಟ್ಟಿದ್ದೆವು. ಅವರೂ ನಗುತ್ತಿದ್ದರು.

ಮಧುಗಿರಿ ಕಡೆಯ ಒಂದು ಅರಣ್ಯ ಕಚೇರಿಗೆ ನಾನು ಫಾರೆಸ್ಟರಾಗಿ ಬಂದಾಗ ಅವರಿಗೆ ಅರವತ್ತರ ಹತ್ತಿರ. ನಿಡುಗಲ್ಲಿನವರು. ಹರೆಯದಲ್ಲಿ ಶಿರಾದ ಬಂದೂಕು ರಿಪೇರಿ ಅಂಗಡಿಯೊಂದರಲ್ಲಿ ಅರ ಹಿಡಿದು ಕೆಲಸ ಕಲಿತವರು. ಆಮೇಲೆ ಕಾಡು ಕಾಯುವ ದಿನಗೂಲಿ ವಾಚರ್ ಆಗಿ ಸೇರಿ, ನಮ್ಮ ಕೋವಿಗಳನ್ನು ನೋಡಿಕೊಳ್ಳುತ್ತಿದ್ದರು. ಕೋವಿ ಒರೆಸುವಾಗ ಅದರ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಏನು ಹೇಳ್ತಿದೀರಿ ಎಂದು ಕೇಳಿದರೆ, ಅದು ನಮ್ಮಿಬ್ಬರ ಸಂಸಾರದ ವಿಷಯ ಎನ್ನುತ್ತಿದ್ದರು. ನನಗೆ ಈ ಹಳೇ ಕಾಲದ ನಡವಳಿಕೆಯೆಲ್ಲ ತಮಾಷೆಯಾಗಿ ಕಾಣುತ್ತಿತ್ತು. ಓದಿದ ಜಂಬ, ಇನ್ನೇನು.

ಆ ವರ್ಷ ಕಚೇರಿಗೆ ಹೊಸ ರೈಫಲ್ ಬಂತು. ಊರಿಗಿಳಿದ ಕರಡಿ, ಚಿರತೆಗೆ ಅರಿವಳಿಕೆ ಮದ್ದಿನ ಸೂಜಿ ಹಾರಿಸುವಂಥದ್ದು. ಮೇಲೆ ದುರ್ಬೀನು ಇತ್ತು. ದುರ್ಬೀನು ಕೆಟ್ಟರೆ ಇರಲಿ ಎಂದು ಹಳೇ ಕ್ರಮದ ಗುರಿಯನ್ನೂ ಕೂರಿಸಬೇಕಿತ್ತು: ನಳಿಗೆಯ ತುದಿಯಲ್ಲೊಂದು ಮೊನೆ, ಹಿಂದೆ ಅದನ್ನು ನೋಡಲು ಒಂದು ಕಂಡಿ. ವಾಚರಣ್ಣ ಅದನ್ನು ಗುರಿಗಣ್ಣು ಎನ್ನುತ್ತಿದ್ದರು. ಎರಡು ನಮೂನೆ ತರಿಸಿ, ಆರಿಸುವ ಕೆಲಸವನ್ನು ಸಾಹೇಬರು ನನಗೆ ಬಿಟ್ಟರು. ಒಂದು ಮಡಚುವ ಪ್ಲಾಸ್ಟಿಕ್ಕಿನದು, ಹಗುರ, ಬೆರಳಲ್ಲಿ ಎತ್ತಿದರೆ ಟಕ್ಕೆಂದು ನಿಲ್ಲುತ್ತಿತ್ತು. ಇನ್ನೊಂದು ಉಕ್ಕಿನದು, ಮಡಚುವುದಿಲ್ಲ, ಕೂರಿಸಿದರೆ ಕೂತೇ ಇರುತ್ತದೆ.

ವಾಚರಣ್ಣ ಪ್ಲಾಸ್ಟಿಕ್ಕಿನದಕ್ಕೆ ಉಗುರು ಊರಿದರು. ಗುರುತು ಬಿತ್ತು.

“ಉಗುರಿಗೆ ಸೋಲೋದು ನಮ್ ಬೆಟ್ಟದ ಕಲ್ಲಿಗೆ ಗೆಲ್ತದಾ ಮೇಡಮ್ಮ? ಎಲ್ಡನೇ ಕಣ್ಣು ಚಂದಕ್ಕಲ್ಲ ಕಣಮ್ಮ, ಮೊದಲ್ನೇದು ಕೈ ಕೊಟ್ಟ ದಿನಕ್ಕೆ.”

ಉಕ್ಕಿನದು ದುರ್ಬೀನಿಗೆ ಅಡ್ಡ ಬರುತ್ತದೆ ಎಂದೆ. ದುರ್ಬೀನನ್ನೇ ಒಂದು ಬೆರಳು ಎತ್ತರಿಸಿದರಾಯಿತು, ತಾನೇ ಮಾಡಿಕೊಡುತ್ತೇನೆ ಎಂದರು. ಅದು ನೋಡಲು ಒಡ್ಡೊಡ್ಡಾಗಿರುತ್ತದೆ ಎಂದು ನನಗೆ ಅನ್ನಿಸಿತು. ಪ್ಲಾಸ್ಟಿಕ್ಕಿನದನ್ನೇ ಹಾಕಿಸಿದೆ. ಅವರೇ ಸ್ಕ್ರೂ ಬಿಗಿದುಕೊಟ್ಟರು.

ಆಯುಧಪೂಜೆಯ ದಿನ ಅವರದೊಂದು ಕಟ್ಟುನಿಟ್ಟು ಇತ್ತು. ಗಂಧ, ಕುಂಕುಮ ಏನಿದ್ದರೂ ಕೋವಿಯ ಹಿಡಿಗೆ ಮಾತ್ರ. ದೇವರಿಗಾದರೂ ಹಣೆಗೆ ಇಡುತ್ತಾರೆ, ಕಣ್ಣಿಗೆ ಇಡುತ್ತಾರೇನು ಎಂದು ಕೇಳುತ್ತಿದ್ದರು. ಆ ಸಲ ಹಬ್ಬಕ್ಕೆ ಅವರು ಪಟ್ಟನಾಯಕನಹಳ್ಳಿಯ ಮಗಳ ಮನೆಗೆ ಹೋಗಿದ್ದರು. ಕೋವಿಯ ಕೋಣೆಯಲ್ಲಿ ಒಬ್ಬಳೇ ಪೂಜೆ ಮಾಡಿದವಳು ನಾನು. ಹೊಸ ರೈಫಲ್ಲಿಗೆ ಉದ್ದಕ್ಕೂ ಗಂಧ ಮೆತ್ತಿದೆ, ಮಡಚಿದ್ದ ಗುರಿಗಣ್ಣಿನ ಮೇಲೂ ದಂಡಿಯಾಗಿ. ಕುಂಕುಮ, ಸೇವಂತಿಗೆ ಹೂವು, ಆಮೇಲೆ ನನ್ನ ಗಂಧದ ಬೆರಳೂ ಕಾಣುವ ಹಾಗೆ ಒಂದು ಫೋಟೊ. ಅದನ್ನು ಸ್ಟೇಟಸ್ಸಿಗೆ ಹಾಕುವ ಕೆಲಸವೂ ಆಗಲಿಲ್ಲ, ಅಷ್ಟರಲ್ಲಿ ಯಾರೋ ಪ್ರಸಾದಕ್ಕೆ ಕರೆದರು. ಸಂಜೆ ಮೇಲುಮೇಲಕ್ಕೆ ಒರೆಸಿ ಪೆಟ್ಟಿಗೆಗೆ ಇಟ್ಟೆ.

ಎರಡೇ ದಿನಕ್ಕೆ ಬೆಳಿಗ್ಗೆ ಚನ್ನರಾಯನದುರ್ಗದ ಬುಡದ ತೋಟವೊಂದರಿಂದ ಫೋನು ಬಂತು. ಪಂಪ್‌ಸೆಟ್ ಮನೆಯೊಳಗೆ ಕರಡಿ ಸೇರಿಕೊಂಡಿದೆ, ಹೊರಗಿನಿಂದ ಬಾಗಿಲು ಹಾಕಿದ್ದೇವೆ ಎಂದರು. ವಾಚರಣ್ಣ ಮಗಳ ಊರಿನಿಂದ ನೇರ ಅಲ್ಲಿಗೇ ಬಂದರು. ಪೆಟ್ಟಿಗೆ ತೆಗೆಯುವಷ್ಟರಲ್ಲಿ ಪಶುವೈದ್ಯರು ಕಿಟಕಿಯ ಹತ್ತಿರ ಮದ್ದು ತುಂಬಿಕೊಂಡು ನಿಂತಿದ್ದರು. ಹಿಂದಿನ ರಾತ್ರಿ ಮಳೆಯಾಗಿತ್ತು. ದುರ್ಬೀನಿನ ಗಾಜಿನೊಳಗೆ ಮಂಜು ಕಟ್ಟಿ ಏನೂ ಕಾಣಲಿಲ್ಲ. ಗುರಿಗಣ್ಣು ಎತ್ತಿ ಎಂದರು ಡಾಕ್ಟರು. ಎತ್ತಲು ಹೋದೆ, ಏಳಲಿಲ್ಲ. ಮಡಚುವ ಕೀಲಿನೊಳಗೆ ಗಂಧ ಇಳಿದು ಒಣಗಿ ಗಾರೆಯಾಗಿತ್ತು. ಗಾಬರಿಯಲ್ಲಿ ಜೋರಾಗಿ ಒತ್ತಿದೆ. ಪಟಕ್ಕೆಂದು ಮುರಿದು ಕೈಗೆ ಬಂತು.

ನಾವು ಹೀಗೆ ತಡವರಿಸುತ್ತಿದ್ದಷ್ಟೂ ಹೊತ್ತು ಒಳಗಿನ ಕರಡಿ ಬಾಗಿಲನ್ನು ಗುದ್ದುತ್ತಿತ್ತು. ಅತ್ತ ಆ ಹಳೇ ಬಾಗಿಲಿಗೆ ಹೆಗಲು ಕೊಟ್ಟು ನಿಂತಿದ್ದವರು ವಾಚರಣ್ಣ. ಹಲಗೆ ಸೀಳಿತು. ಸೀಳಿನಿಂದ ಬಂದ ಪಂಜ ಅವರ ಬಲಗೈಯನ್ನು ಹಿಡಿಯಿತು. ಕರಡಿ ಬಾಗಿಲು ಮುರಿದುಕೊಂಡು ಬೆಟ್ಟ ಸೇರಿತು. ಅವರು ಆಸ್ಪತ್ರೆ ಸೇರಿದರು, ಹೆಬ್ಬೆರಳು ಉಳಿಯಲಿಲ್ಲ.

ವಿಚಾರಣೆಗೆ ಮೇಲಿನವರು ಬಂದ ದಿನ, ಕೊಠಡಿಗೆ ಹೋಗುವ ಮೊದಲು ನಾನು ಫೋನಿನಿಂದ ಆ ಫೋಟೊ ಅಳಿಸಿದೆ. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಕೀಲಿಗೆ ಗಂಧ ಮೆತ್ತಿದ್ದು ಯಾರು ಎಂದು ಅವರು ಕೇಳಿದರು. ನಾನು ಮೇಜಿನ ಮೇಲಿದ್ದ ಪೇಪರ್‌ವೆಯ್ಟ್ ನೋಡುತ್ತಾ ಕೂತೆ.

“ನಾನೇ ಸಾ. ಊರಿಗ್ ಹೊರಡೋಕ್ ಮುಂಚೆ ಮೆತ್ಬುಟ್ಟೆ” ಎಂದರು ನನ್ನ ಪಕ್ಕದಲ್ಲಿ ನಿಂತಿದ್ದ, ಕಟ್ಟು ಹಾಕಿದ ಕೈಯ ವಾಚರಣ್ಣ.

ಹಳೇ ಮನುಷ್ಯ, ದೇವರು ದಿಂಡರು ಜಾಸ್ತಿ ಎಂದು ಮೇಲಿನವರು ಸುಲಭವಾಗಿ ನಂಬಿದರು. ವಾಚರಣ್ಣನಿಗೆ ನಾಳೆಯಿಂದ ಬರುವುದು ಬೇಡ ಎಂದರು. ಹೊರಗೆ ಬೇವಿನ ಮರದ ಕೆಳಗೆ ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಎಡಗೈ ಎತ್ತಿ ತಡೆದರು.

“ನಿಮ್ಗಿನ್ನೂ ಮೂವತ್ ವರ್ಸ ಐತೆ, ನಂಗೆಷ್ಟೈತೆ? ಬುಡಿ. ಆ ಪ್ಲಾಸ್ಟಿಕ್ಕಿಂದ್ ಮಾತ್ರ ತೆಗ್ಸಿ ಉಕ್ಕಿಂದ್ ಹಾಕ್ಸಿ.”

ಹಾಕಿಸಿದೆ. ಅಷ್ಟನ್ನು ಮಾತ್ರ ಮಾಡಿದೆ. ಅವರನ್ನು ನೋಡಲು ನಿಡುಗಲ್ಲಿಗೆ ಹೋಗಬೇಕು ಎಂದುಕೊಂಡೇ ಮೂರು ವರ್ಷ ಕಳೆದೆ. ಹೋಗಿದ್ದು ಅವರ ತಿಥಿಗೆ. ಊಟಕ್ಕೆ ಮೊದಲು ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, ಎರಡೂ ಕೈ ಹಿಡಿದುಕೊಂಡರು.

“ನಮ್ಮೆಜಮಾನ್ರಿಗೆ ಕಣ್ ಮಂಜಾಗಿತ್ತು ಕಣಮ್ಮ, ಗೊತ್ತಾಗ್ದಂಗೆ ಗಂಧ ಮೆತ್ಬುಟ್ರು. ನಿಮ್ಗೆಲ್ಲ ತೊಂದ್ರೆ ಆಯ್ತು. ಮನಸ್ನಾಗ್ ಇಟ್ಕಬ್ಯಾಡಿ.”

ಮನೆಯಲ್ಲೂ ಹೇಳಿರಲಿಲ್ಲ, ಆ ಪುಣ್ಯಾತ್ಮ. ಅಳುತ್ತಿದ್ದ ಆ ತಾಯಿಗೆ ಅಲ್ಲೇ ಒಂದು ಮಾತು ಹೇಳಬಹುದಿತ್ತು. ಇರಲಿ ಬಿಡಮ್ಮ ಎಂದೆ ನಾನು, ಕ್ಷಮಿಸುವವಳ ಹಾಗೆ. ಎಲೆಯ ಮುಂದೆ ಕೂತು ಪಾಯಸ ಸಮೇತ ಉಂಡೆ.

ಈಗ ಹೊಸಬರಿಗೆ ಕೋವಿ ತೋರಿಸುವವಳು ನಾನೇ. ಗುರಿಗಣ್ಣು ಉಕ್ಕಿನದೇ ಯಾಕೆ, ಅದಕ್ಕೆ ಗಂಧ ಯಾಕೆ ಇಡಬಾರದು ಎಂದು ಪ್ರತಿ ಹಬ್ಬಕ್ಕೂ ಈ ಕತೆ ಹೇಳುತ್ತೇನೆ. ಈ ವರ್ಷ ಒಬ್ಬಳು ಕೇಳಿದಳು, ಹಾಗೆ ಮೆತ್ತಿದ್ದು ಯಾರು ಮೇಡಂ ಎಂದು. ಹಿಂದೆ ಒಬ್ಬ ವಾಚರ್ ಇದ್ದರು ಎಂದೆ. ಎಲ್ಲರೂ ನಕ್ಕರು.

ವಾಚರಣ್ಣ, ಮೆತ್ತಿದವಳು ನಾನು. ಇದನ್ನು ಬರೆದು ಮುಗಿಸಿ ನಿಡುಗಲ್ಲಿಗೆ ಹೋಗುತ್ತೇನೆ. ನಿಮ್ಮ ಹೆಂಡತಿ ಇನ್ನೂ ಇದ್ದಾರೆ.